ಎಣಿಕೆ ಹೇಳಿದ್ದೊಂದು, ವೇಗ ಹೇಳಿದ್ದೊಂದು: ಕಡಲಿನ ಸೂಕ್ಷ್ಮಜೀವಿಗಳನ್ನು ಕಂಪ್ಯೂಟರ್ ಲೆಕ್ಕಕ್ಕೆ ತರುವ ಬಗೆ

ಪ್ರೊಕ್ಲೊರೊಕಾಕಸ್ ಎಂಬುದು ಕಡಲಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿಗಳಲ್ಲಿ ಇದೇ ಅತಿ ಚಿಕ್ಕದು, ಸಂಖ್ಯೆಯಲ್ಲಿ ಇದೇ ಅತಿ ಹೆಚ್ಚು. ಸಮುದ್ರ ಬಿಸಿಯಾಗುತ್ತಾ ಹೋದರೆ ಇದರ ಗತಿ ಏನು? ಈ ಶತಮಾನದ ಕೊನೆಯ ಹೊತ್ತಿಗೆ ಇದರ ಸಂಖ್ಯೆ ಸುಮಾರು ಶೇ 29ರಷ್ಟು ಏರುತ್ತದೆ ಎಂದು 2013ರ ಒಂದು ಅಧ್ಯಯನ ಹೇಳಿತು. 2025ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಉಷ್ಣವಲಯದ ಕಡಲುಗಳಲ್ಲಿ ಇದರ ಉತ್ಪಾದನೆ ಕುಸಿಯುತ್ತದೆ: ತಾಪಮಾನದ ಏರಿಕೆ ಮಧ್ಯಮವಾಗಿದ್ದರೆ ಶೇ 17, ತೀವ್ರವಾಗಿದ್ದರೆ ಶೇ 51.

ಎರಡೂ ಕಡೆ ಕೆಲಸ ಮಾಡಿದವರು ಪಳಗಿದ ವಿಜ್ಞಾನಿಗಳು. ಎರಡೂ ನಿಂತಿರುವುದು ಅಪಾರ ಪ್ರಮಾಣದ ನೈಜ ಅಳತೆಗಳ ಮೇಲೆ. ಆದರೂ ಒಂದು ಏರುತ್ತದೆ ಎಂದಿತು, ಇನ್ನೊಂದು ಇಳಿಯುತ್ತದೆ ಎಂದಿತು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಸಮುದ್ರದ್ದು. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನ ಕಾಲು ಭಾಗದಷ್ಟನ್ನು ಸಮುದ್ರವೇ ಹೀರಿಕೊಳ್ಳುತ್ತಿದೆ. ಆದ್ದರಿಂದ ಈ ಭಿನ್ನತೆ ಎಲ್ಲಿಂದ ಬಂತೆಂದು ಬಿಡಿಸಿ ನೋಡುವುದು ಪಂಡಿತರಿಗಷ್ಟೇ ಬಿಟ್ಟ ಕೆಲಸವಲ್ಲ.

ಶುರುವಿನಲ್ಲೇ ಒಂದು ಪದದ ಗೊಂದಲ ತೀರಿಸೋಣ. ಕನ್ನಡದಲ್ಲಿ ‘ಮಾದರಿ’ ಎಂದರೆ ಪರೀಕ್ಷೆಗೆಂದು ತೆಗೆದ ನೀರೂ ಹೌದು, ಗಣಿತದ ಲೆಕ್ಕವೂ ಹೌದು. ಇಲ್ಲಿ ನೀರಿಗೆ ‘ಸ್ಯಾಂಪಲ್’, ಲೆಕ್ಕಕ್ಕೆ ‘ಮಾಡೆಲ್’ ಎನ್ನುತ್ತೇನೆ.

## ಒಂದು ಚಮಚ ನೀರಿನಲ್ಲಿ

ಸಮುದ್ರದ ಮೇಲ್ಪದರದಿಂದ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿಲೀಟರ್ ನೀರು ತೆಗೆದರೆ ಅದರಲ್ಲಿ ಸುಮಾರು 50 ಲಕ್ಷ ಬ್ಯಾಕ್ಟೀರಿಯಾಗಳೂ 5 ಕೋಟಿ ವೈರಸ್‌ಗಳೂ ಇರುತ್ತವೆ. ಕಣ್ಣಿಗೆ ಅದು ತಿಳಿನೀರು.

ಈ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಕಸುಬು. ಬೆಳಕಿನಿಂದ ಆಹಾರ ತಯಾರಿಸುವವರನ್ನು ಸಸ್ಯಪ್ಲವಕಗಳು ಎನ್ನುತ್ತೇವೆ. ಗಾಜಿನಂಥ ಸಿಲಿಕಾ ಚಿಪ್ಪಿನ ಡಯಾಟಮ್‌ಗಳು ಇವರಲ್ಲಿ ದೊಡ್ಡವರು. ಪ್ರೊಕ್ಲೊರೊಕಾಕಸ್ ಸಣ್ಣವರಲ್ಲಿ ಸಣ್ಣದು. ಅದರ ಅಗಲ ಸುಮಾರು 0.6 ಮೈಕ್ರೊಮೀಟರ್, ಅಂದರೆ ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್‌ನಲ್ಲಿ 1,600ಕ್ಕೂ ಹೆಚ್ಚು ಹಿಡಿಯುತ್ತವೆ. ಸಮಭಾಜಕ ವೃತ್ತದ ಎರಡೂ ಬದಿಗೆ ಸುಮಾರು 40 ಡಿಗ್ರಿ ಅಕ್ಷಾಂಶದವರೆಗೆ ಇದರ ರಾಜ್ಯ. ಒಂದು ಮಿಲಿಲೀಟರ್‌ನಲ್ಲಿ ಲಕ್ಷದಷ್ಟು ಸಿಗುವುದು ಸಾಮಾನ್ಯ. ಇಡೀ ಸಾಗರದ ಒಟ್ಟು ಸಂಖ್ಯೆ ಹೇಳಬೇಕಾದರೆ 3ರ ಮುಂದೆ 27 ಸೊನ್ನೆ ಹಾಕಬೇಕು.

ಬೇರೆಯವರು ಸೋರಿಬಿಟ್ಟ ಸಾವಯವ ವಸ್ತುವನ್ನು ಹೀರಿ ಬದುಕುವ ಬ್ಯಾಕ್ಟೀರಿಯಾಗಳು ಇನ್ನೊಂದು ಗುಂಪು. ಎಸ್‌ಎಆರ್-11 ಎಂಬ ಬಳಗ ಅದರಲ್ಲಿ ಮುಖ್ಯ. ಇವೆರಡನ್ನೂ ನುಂಗುವ ಏಕಕೋಶ ಜೀವಿಗಳು ಮತ್ತು ಪ್ರಾಣಿಪ್ಲವಕಗಳು ಎಂಬ ತೇಲುವ ಪುಟ್ಟ ಪ್ರಾಣಿಗಳು ಮೂರನೆಯವು. ವೈರಸ್‌ಗಳು ಯಾರನ್ನೂ ತಿನ್ನುವುದಿಲ್ಲ, ಒಡೆದು ಹಾಕುತ್ತವೆ. ಕಡಲಿನ ಸೂಕ್ಷ್ಮಜೀವಿಗಳ ಒಟ್ಟು ತೂಕದ ಐದನೇ ಒಂದು ಭಾಗವನ್ನು ಅವು ಪ್ರತಿದಿನ ಕೊಲ್ಲುತ್ತವೆ ಎಂಬುದು ಬಳಕೆಯಲ್ಲಿರುವ ಅಂದಾಜು. ಒಡೆದ ಕೋಶದ ಒಳಸರಕು ನೀರಿಗೆ ಸೇರಿ ಮತ್ತೆ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಬ್ಯಾಕ್ಟೀರಿಯಾವನ್ನು ಏಕಕೋಶಿ ನುಂಗುತ್ತದೆ, ಅದು ಹೊರಹಾಕಿದ ಅಮೋನಿಯಂ ಮತ್ತೆ ಸಸ್ಯಪ್ಲವಕದ ಗೊಬ್ಬರ. ಈ ಒಳಸುತ್ತಿಗೆ ಸೂಕ್ಷ್ಮಜೀವಿ ಕುಣಿಕೆ ಎಂಬ ಹೆಸರು ಬಂದದ್ದು 1983ರಲ್ಲಿ. ಅದಕ್ಕೂ ಮುಂಚೆ ಡಯಾಟಮ್, ಅದನ್ನು ತಿನ್ನುವ ಪ್ರಾಣಿಪ್ಲವಕ, ಅದನ್ನು ತಿನ್ನುವ ಮೀನು ಎಂಬ ನೇರ ಸರಪಳಿಯನ್ನೇ ಪಾಠಪುಸ್ತಕಗಳು ಬರೆಯುತ್ತಿದ್ದವು.

ಸಮುದ್ರದ ಅಷ್ಟೂ ಸಸ್ಯಪ್ಲವಕಗಳಲ್ಲಿ ಯಾವುದೇ ಕ್ಷಣದಲ್ಲಿ ಇರುವ ಇಂಗಾಲ ಸುಮಾರು 100 ಕೋಟಿ ಟನ್. ನೆಲದ ಸಸ್ಯಗಳಲ್ಲಿ ಇರುವುದು ಸುಮಾರು 45,000 ಕೋಟಿ ಟನ್. ಆದರೆ ವರ್ಷವಿಡೀ ಅವು ಹೊಸದಾಗಿ ಕಟ್ಟುವ ಇಂಗಾಲ ನೋಡಿ: ಸಮುದ್ರದಲ್ಲಿ ಸುಮಾರು 5,000 ಕೋಟಿ ಟನ್, ನೆಲದಲ್ಲಿ ಸುಮಾರು 5,600 ಕೋಟಿ ಟನ್. ದಾಸ್ತಾನು ಎಲ್ಲಿಂದೆಲ್ಲಿಗೋ, ದುಡಿಮೆ ಮಾತ್ರ ಬಹುತೇಕ ಸರಿಸಮ. ಸಮುದ್ರದ ಸಸ್ಯರಾಶಿ ಹೆಚ್ಚುಕಡಿಮೆ ವಾರಕ್ಕೊಮ್ಮೆ ಪೂರ್ತಿ ಹುಟ್ಟಿ, ಪೂರ್ತಿ ಸಾಯುತ್ತದೆ ಎಂದಾಯಿತು. ಈ ಒಂದು ಸಂಗತಿ ಮುಂದಿನ ಎಲ್ಲ ತೊಡಕಿನ ಬೇರು. ಇಂಥ ಕಡೆ ಎಷ್ಟು ಇದೆ ಎಂಬುದಕ್ಕಿಂತ ಎಷ್ಟು ಬೇಗ ಬರುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂಬುದೇ ಮುಖ್ಯ.

## ಎಣಿಸುವುದು ಹೇಗೆ, ತಪ್ಪುವುದು ಎಲ್ಲಿ

ಹಡಗಿನಿಂದ ಇಳಿಬಿಡುವ ಲೋಹದ ಚೌಕಟ್ಟಿನ ಸುತ್ತ ಸಾಮಾನ್ಯವಾಗಿ 24 ಬಾಟಲಿಗಳು ವೃತ್ತಾಕಾರದಲ್ಲಿ ನಿಂತಿರುತ್ತವೆ. ಒಂದೊಂದು 10-12 ಲೀಟರ್ ಹಿಡಿಯುತ್ತದೆ. ನಡುವೆ ಉಪ್ಪಿನಂಶ, ತಾಪಮಾನ, ಆಳ ಅಳೆಯುವ ಉಪಕರಣ ಇರುತ್ತದೆ. ಕೆಳಗಿಳಿಯುವಾಗ ಬಾಟಲಿಗಳ ಎರಡೂ ತುದಿ ತೆರೆದಿರುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ನಿಲ್ಲಿಸಿ, ಮೇಲಿನಿಂದ ಆದೇಶ ಕೊಟ್ಟು ಒಂದೊಂದನ್ನೇ ಮುಚ್ಚುತ್ತಾರೆ. ನಿಲ್ಲಿಸಿದ ಕೂಡಲೇ ಮುಚ್ಚಬಾರದು. ಇಡೀ ಚೌಕಟ್ಟು ಕೆಳಗಿನ ನೀರನ್ನು ತನ್ನ ಜೊತೆ ಎಳೆದುಕೊಂಡು ಬಂದಿರುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಕಾದರೆ ಅದು ತೊಳೆದುಹೋಗಿ ಆ ಆಳದ ನೀರೇ ಒಳಗೆ ಸೇರುತ್ತದೆ.

ಕಬ್ಬಿಣವೂ ಸಸ್ಯಪ್ಲವಕಗಳಿಗೆ ಬೇಕಾದ ಪೋಷಕಾಂಶ, ಅದನ್ನು ಅಳೆಯುವವರ ಪಾಡು ಇನ್ನೂ ಕಷ್ಟದ್ದು. ತೆರೆದ ಸಮುದ್ರದಲ್ಲಿ ಕರಗಿದ ಕಬ್ಬಿಣ ಎಷ್ಟು ವಿರಳವೆಂದರೆ, ಹಡಗಿನ ಮೈಯಿಂದ ಉದುರಿದ ತುಕ್ಕಿನ ಒಂದು ಕಣ ಸಾಕು, ಅಳತೆ ಕೆಡಲು. ಆದ್ದರಿಂದ ಲೋಹ ಸೋಕದ ಹಗ್ಗ, ಆಮ್ಲದಲ್ಲಿ ತೊಳೆದ ಬಾಟಲಿ, ಸೋಸಿದ ಗಾಳಿಯ ಕೋಣೆ ಬೇಕು. ಈ ಶಿಸ್ತು ಬರುವ ಮುಂಚಿನ ಕಬ್ಬಿಣದ ಅಂಕಿಗಳನ್ನು ಈಗ ಯಾರೂ ನಂಬುವುದಿಲ್ಲ.

ಕೋಶಗಳನ್ನು ಎಣಿಸಲು ಫ್ಲೋ ಸೈಟೊಮೀಟರ್ ಎಂಬ ಯಂತ್ರವಿದೆ. ಕೂದಲಿಗಿಂತ ತೆಳುವಾದ ನೀರಿನ ಎಳೆಯಲ್ಲಿ ಕೋಶಗಳು ಒಂದರ ಹಿಂದೊಂದು ಲೇಸರ್ ಕಿರಣವನ್ನು ದಾಟುತ್ತವೆ. ಪ್ರತಿ ಕೋಶ ಎಷ್ಟು ಬೆಳಕು ಚದುರಿಸಿತು, ಯಾವ ಬಣ್ಣದಲ್ಲಿ ಮಿನುಗಿತು ಎಂಬುದನ್ನು ಯಂತ್ರ ದಾಖಲಿಸುತ್ತದೆ. ಕ್ಲೋರೊಫಿಲ್ ಕೆಂಪಾಗಿ ಮಿನುಗುತ್ತದೆ. ಸಿನೆಕೊಕಾಕಸ್ ಎಂಬ ಸೋದರ ಕುಲಕ್ಕೆ ಜೊತೆಗೆ ಕಿತ್ತಳೆ ಮಿನುಗೂ ಇರುತ್ತದೆ. ಸ್ಯಾಲಿ ಚಿಸ್ಹೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಪ್ರೊಕ್ಲೊರೊಕಾಕಸ್ ಅನ್ನು ಗುರುತಿಸಿ 1988ರಲ್ಲಿ ಪ್ರಕಟಿಸಿದ್ದು ಈ ಯಂತ್ರವನ್ನು ಹಡಗಿಗೆ ಹತ್ತಿಸಿದ್ದರಿಂದಲೇ. ಅಲ್ಲಿಯವರೆಗೆ ಭೂಮಿಯ ಅತಿ ಸಮೃದ್ಧ ದ್ಯುತಿಸಂಶ್ಲೇಷಕ ಜೀವಿ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಈಗಲೂ ನೀರಿನ ಮೇಲ್ಮೈಯಲ್ಲಿ ಎಡವಟ್ಟಾಗುತ್ತದೆ: ಪ್ರಖರ ಬಿಸಿಲಿನಲ್ಲಿರುವ ಕೋಶಗಳು ಕ್ಲೋರೊಫಿಲ್ ಕಡಿಮೆ ಮಾಡಿಕೊಳ್ಳುವುದರಿಂದ ಅವುಗಳ ಮಿನುಗು ಯಂತ್ರದ ಗದ್ದಲದಲ್ಲಿ ಮುಳುಗಿ ಎಣಿಕೆ ತಪ್ಪುತ್ತದೆ.

ಇನ್ನೊಂದು ದಾರಿ ಡಿಎನ್‌ಎ. 0.2 ಮೈಕ್ರೊಮೀಟರ್ ರಂಧ್ರದ ಸೋಸುಹಾಳೆಯಲ್ಲಿ ನೀರನ್ನು ಸೋಸಿ, ಹಾಳೆಯನ್ನು ಮೈನಸ್ 80 ಡಿಗ್ರಿಯಲ್ಲಿಟ್ಟು, ದಡಕ್ಕೆ ಬಂದ ಮೇಲೆ ಅದರಲ್ಲಿರುವ ಜೀನ್‌ಗಳನ್ನು ಓದುತ್ತಾರೆ. ಕಡಲಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಾಲಯದ ಪೋಷಕದ್ರವದಲ್ಲಿ ಬೆಳೆಯುವುದೇ ಇಲ್ಲವಾದ್ದರಿಂದ ಈ ದಾರಿ ಬೇಕಾಯಿತು. ಎಸ್‌ಎಆರ್-11 ಬಳಗ ಜೀನ್ ಮೂಲಕ ಪತ್ತೆಯಾದದ್ದು 1990ರಲ್ಲಿ. ಅದನ್ನು ಬೆಳೆಸಲು ಸಾಧ್ಯವಾದದ್ದು 2002ರಲ್ಲಿ, ಅದೂ ಸಮೃದ್ಧ ಪೋಷಕಾಂಶ ಕೊಡುವುದನ್ನು ಬಿಟ್ಟು ಬರಿಯ ಸಮುದ್ರದ ನೀರಿನಂಥ ಬಡ ದ್ರವದಲ್ಲಿ. 2009ರಿಂದ 2013ರವರೆಗೆ ಸಂಚರಿಸಿದ ಟಾರಾ ಓಷನ್ಸ್ ಯಾನದ ಸ್ಯಾಂಪಲ್‌ಗಳಿಂದ 2015ರಲ್ಲಿ ಸುಮಾರು 4 ಕೋಟಿ ಜೀನ್‌ಗಳ ಪಟ್ಟಿ ಹೊರಬಂತು.

ಆ ಪಟ್ಟಿ ದೊಡ್ಡ ಸಂಪತ್ತು, ಸಂದೇಹವಿಲ್ಲ. ಆದರೆ ಯಾರು ಇದ್ದಾರೆ, ಅವರಿಗೆ ಏನೇನು ಬರುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಊರಿನ ಜನಗಣತಿ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಯಾರ ಕಸುಬು ಏನು ಎಂದು ಗೊತ್ತಾದರೂ, ನಿನ್ನೆ ಯಾರು ಎಷ್ಟು ಕೆಲಸ ಮಾಡಿದರು ಎಂಬುದು ಅದರಲ್ಲಿ ಇರುವುದಿಲ್ಲ.

## ಅದೇ ಸಂಖ್ಯೆ, ಬೇರೆ ವೇಗ

ಒಂದು ಮಿಲಿಲೀಟರ್‌ನಲ್ಲಿ ಇಂದು ಬೆಳಿಗ್ಗೆ 1 ಲಕ್ಷ ಪ್ರೊಕ್ಲೊರೊಕಾಕಸ್ ಇವೆ. ರಾತ್ರಿ ಎಲ್ಲವೂ ಒಡೆದು ಎರಡಾದವು. ಅಷ್ಟರಲ್ಲಿ ಬೇಟೆಗಾರರೂ ವೈರಸ್‌ಗಳೂ ಸೇರಿ 1 ಲಕ್ಷವನ್ನು ಮುಗಿಸಿದವು. ನಾಳೆ ಬೆಳಿಗ್ಗೆ ಎಣಿಸಿದರೆ ಮತ್ತೆ 1 ಲಕ್ಷ. ಮುಂದಿನ ವರ್ಷ ಹುಟ್ಟೂ ಅರ್ಧಕ್ಕಿಳಿಯಿತು, ಸಾವೂ ಅರ್ಧಕ್ಕಿಳಿಯಿತು ಎನ್ನೋಣ. ಎಣಿಕೆ ಆಗಲೂ 1 ಲಕ್ಷವೇ. ಆದರೆ ಬೇಟೆಗಾರರಿಗೆ ಸಿಗುವ ಊಟ ಅರ್ಧ, ಕಟ್ಟುವ ಇಂಗಾಲ ಅರ್ಧ. ಎಣಿಕೆಯಲ್ಲಿ ಕಾಣದ ಈ ಬದಲಾವಣೆಯನ್ನು ಹಿಡಿಯಬೇಕಾದರೆ ವೇಗವನ್ನೇ ಅಳೆಯಬೇಕು.

ಅದಕ್ಕೊಂದು ಜಾಣ ಉಪಾಯ 1982ರಿಂದ ಬಳಕೆಯಲ್ಲಿದೆ. ಸಮುದ್ರದ ನೀರನ್ನು ಅದೇ ನೀರಿನ ಸೋಸಿದ, ಅಂದರೆ ಜೀವಿಗಳಿಲ್ಲದ ಭಾಗದೊಂದಿಗೆ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ಬಾಟಲಿಗಳನ್ನು 24 ಗಂಟೆ ಬಿಡುತ್ತಾರೆ. ತೆಳುವಾದ ಬಾಟಲಿಯಲ್ಲಿ ಬೇಟೆಗಾರ ಮತ್ತು ಬೇಟೆ ಎದುರಾಗುವುದು ಕಡಿಮೆ, ಆದರೆ ಕೋಶ ಒಡೆಯುವ ವೇಗ ಮೊದಲಿನಷ್ಟೇ. ಬೆರೆಸದ ನೀರಿನಲ್ಲಿ ನಿವ್ವಳ ಬೆಳವಣಿಗೆ ಸೊನ್ನೆ, ಶೇ 20ಕ್ಕೆ ತೆಳುವಾಗಿಸಿದ ನೀರಿನಲ್ಲಿ ದಿನಕ್ಕೆ 0.4 (ಅಂದರೆ ಇರುವುದರ 0.4 ಪಾಲು ಸೇರುವ ವೇಗ) ಬಂತು ಎನ್ನಿ. ತೆಳು ನೀರಿನಲ್ಲಿ ಬೇಟೆ ಐದನೇ ಒಂದು ಭಾಗ ಮಾತ್ರ. ಉಳಿದ ಐದನೇ ನಾಲ್ಕು ಭಾಗ ಇಲ್ಲದಿದ್ದುದಕ್ಕೇ 0.4 ಹೆಚ್ಚಿತು. ಹಾಗಾದರೆ ಪೂರ್ತಿ ಬೇಟೆಯ ವೇಗ 0.4ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ ದಿನಕ್ಕೆ 0.5. ಮೂಲ ನೀರಿನಲ್ಲಿ ಎರಡೂ ಸರಿಹೋಗಿದ್ದವಾದ್ದರಿಂದ ಬೆಳವಣಿಗೆಯೂ 0.5. ಹೊಸದಾಗಿ ಹುಟ್ಟಿದವೂ ಒಡೆಯುತ್ತಾ ಹೋಗುವುದರಿಂದ, ಈ ವೇಗದಲ್ಲಿ ಬೇಟೆಯಿಲ್ಲದಿದ್ದರೆ ಕೋಶಗಳು ಸುಮಾರು 33 ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ.

ಇದರಲ್ಲೂ ಹುಷಾರಾಗಿರಬೇಕು. ಬೆರೆಸುವಾಗ ಗಾಳಿಗುಳ್ಳೆ ಎದ್ದರೆ ಸೂಕ್ಷ್ಮ ಮೈಯ ಬೇಟೆಗಾರರು ಒಡೆದುಹೋಗಿ ಬೇಟೆಯ ವೇಗ ಕಡಿಮೆ ಕಾಣುತ್ತದೆ. ಬೇಟೆಗಾರರು ಕಡಿಮೆಯಾದರೆ ಅವರು ಹೊರಹಾಕುವ ಗೊಬ್ಬರವೂ ಕಡಿಮೆಯಾಗುತ್ತದೆ, ಅದನ್ನು ಹೊರಗಿನಿಂದ ಸೇರಿಸದಿದ್ದರೆ ತೆಳುವಾದ ಬಾಟಲಿಯಲ್ಲಿ ಬೆಳವಣಿಗೆಯೇ ಕುಂಟುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಬಾಟಲಿ ಬಾಟಲಿಯೇ, ಕಡಲಲ್ಲ.

ಬಾಟಲಿಯನ್ನೇ ಬಿಟ್ಟುಬಿಡುವ ವಿಧಾನ 2025ರ ಅಧ್ಯಯನದ ಜೀವಾಳ. ಸೀಫ್ಲೋ ಎಂಬ ಸೈಟೊಮೀಟರ್ ಹಡಗು ಚಲಿಸುತ್ತಿರುವಾಗಲೇ ಸಮುದ್ರದ ನೀರನ್ನು ಎಡೆಬಿಡದೆ ಒಳಗೆಳೆದು ಓದುತ್ತದೆ. ಪ್ರೊಕ್ಲೊರೊಕಾಕಸ್ ಹಗಲು ದಪ್ಪಗಾಗುತ್ತದೆ, ಕತ್ತಲಾದ ಮೇಲೆ ಒಡೆಯುತ್ತದೆ, ಅದೂ ಬಹುತೇಕ ಎಲ್ಲ ಕೋಶಗಳೂ ಒಟ್ಟೊಟ್ಟಿಗೆ. ಆದ್ದರಿಂದ ಕೋಶಗಳ ಗಾತ್ರ ದಿನದಲ್ಲಿ ಹೇಗೆ ಏರಿತು, ರಾತ್ರಿ ಹೇಗೆ ಇಳಿಯಿತು ಎಂದು ನೋಡಿದರೆ, ಒಂದನ್ನೂ ಬಾಟಲಿಗೆ ಹಾಕದೆ, ಎಷ್ಟು ಪಾಲು ಒಡೆದವು ಎಂದು ಲೆಕ್ಕ ಹಾಕಬಹುದು. ಸತ್ತವು ಎಷ್ಟು ಎಂಬುದು ಇದಕ್ಕೆ ಅಡ್ಡ ಬರುವುದಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸೊಗಸಾದ ಅಳತೆ ಇದು.

## ಮಾಡೆಲ್ ಎಂದರೆ ಜಮಾ-ಖರ್ಚಿನ ಪುಸ್ತಕ

ಸಾಗರ ಪರಿಸರದ ಮಾಡೆಲ್ ಎಂದ ಕೂಡಲೇ ಮೀನು, ಹವಳ, ತಿಮಿಂಗಿಲಗಳ ಚಿತ್ರ ಕಣ್ಣಿಗೆ ಬರಬಹುದು. ಒಳಗೆ ಇರುವುದು ಪರಮಾಣುಗಳ ಲೆಕ್ಕ. ಅತಿ ಸರಳವಾದದ್ದರಲ್ಲಿ ಮೂರೇ ಖಾತೆ: ನೀರಿನಲ್ಲಿ ಕರಗಿದ ಪೋಷಕಾಂಶ, ಸಸ್ಯಪ್ಲವಕ, ಪ್ರಾಣಿಪ್ಲವಕ. ಮೂರನ್ನೂ ಒಂದೇ ನಾಣ್ಯದಲ್ಲಿ, ಸಾಮಾನ್ಯವಾಗಿ ಸಾರಜನಕದಲ್ಲಿ ಅಳೆಯುತ್ತಾರೆ. ಘಟಕ ಒಂದು ಘನ ಮೀಟರ್ ನೀರಿಗೆ ಇಷ್ಟು ಮಿಲಿಮೋಲ್ ಎಂದು. ಒಂದು ಮಿಲಿಮೋಲ್ ಸಾರಜನಕ ಎಂದರೆ 14 ಮಿಲಿಗ್ರಾಂ.

ಲೆಕ್ಕಕ್ಕೆ ನಾನೇ ಆರಿಸಿಕೊಂಡ ಅಂಕಿಗಳಿಂದ ಒಂದು ದಿನವನ್ನು ನಡೆಸಿ ನೋಡೋಣ. ಪೋಷಕಾಂಶ 2, ಸಸ್ಯಪ್ಲವಕ 0.2, ಪ್ರಾಣಿಪ್ಲವಕ 0.1. ಒಟ್ಟು 2.3.

ಸಸ್ಯಪ್ಲವಕದ ಬೆಳವಣಿಗೆ ಪೋಷಕಾಂಶ ಹೆಚ್ಚಾದಂತೆ ಹೆಚ್ಚುತ್ತದೆ, ಆದರೆ ಒಂದು ಮಿತಿಯ ಆಚೆಗಲ್ಲ. ಊಟ ಎಷ್ಟೇ ಬಡಿಸಿದರೂ ತಿನ್ನುವ ಬಾಯಿ ಒಂದೇ. ಇದಕ್ಕೆ ಎರಡು ಅಂಕಿ ಸಾಕು: ಗರಿಷ್ಠ ವೇಗ, ಮತ್ತು ಆ ವೇಗದ ಅರ್ಧ ಸಿಗಲು ಬೇಕಾದ ಪೋಷಕಾಂಶದ ಮಟ್ಟ. ಗರಿಷ್ಠ ದಿನಕ್ಕೆ 1, ಅರ್ಧಮಟ್ಟ 0.5 ಎನ್ನೋಣ. ಆಗ ವೇಗ 2ನ್ನು 2.5ರಿಂದ ಭಾಗಿಸಿದಷ್ಟು, ಅಂದರೆ 0.8. ಇರುವ 0.2 ಸಸ್ಯಪ್ಲವಕಕ್ಕೆ 0.16 ಸೇರುತ್ತದೆ, ಪೋಷಕಾಂಶದಿಂದ ಅಷ್ಟೇ ಕಳೆಯುತ್ತದೆ. ಪ್ರಾಣಿಪ್ಲವಕ ಆ ದಿನ 0.025 ತಿಂದಿತು ಎನ್ನಿ. ಅದರಲ್ಲಿ ಶೇ 70 ಮೈಗೆ ಹತ್ತಿತು (0.0175), ಉಳಿದ 0.0075 ನೀರಿಗೆ ಮರಳಿತು. ಪ್ರಾಣಿಪ್ಲವಕದಲ್ಲಿ ಶೇ 5 ಸತ್ತು 0.005 ನೀರಿಗೆ ಸೇರಿತು. ದಿನದ ಕೊನೆಗೆ ಪೋಷಕಾಂಶ 1.8525, ಸಸ್ಯಪ್ಲವಕ 0.335, ಪ್ರಾಣಿಪ್ಲವಕ 0.1125. ಕೂಡಿ ನೋಡಿ, ಮತ್ತೆ 2.3.

ಈ ತಾಳೆಯೇ ಮಾಡೆಲ್ ಬರೆಯುವವರ ಮೊದಲ ಪರೀಕ್ಷೆ. ಸಾವಿರ ವರ್ಷ ಓಡಿಸಿದ ಮೇಲೂ ಒಟ್ಟು ಮೊತ್ತ ಹೆಚ್ಚೂಕಡಿಮೆ ಆಗಬಾರದು. ಹಾಗೇನಾದರೂ ಆದರೆ, ಒಂದು ಖರ್ಚಿನ ಜಮಾ ಬರೆಯಲು ಮರೆತಿದ್ದೀರಿ ಎಂದೇ ಅರ್ಥ.

ಹೊಸಬರು ಎಡವುವ ಇನ್ನೊಂದು ಜಾಗ ಕಾಲದ ಹೆಜ್ಜೆ. ಪೋಷಕಾಂಶ 0.05ಕ್ಕೆ ಇಳಿದಿದೆ, ಸಸ್ಯಪ್ಲವಕ 2 ಇದೆ ಎನ್ನಿ. ವೇಗ 0.091, ದಿನಕ್ಕೆ ಬೇಕಾಗುವುದು 0.18. ಇಡೀ ದಿನವನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೆ ಪೋಷಕಾಂಶ ಮೈನಸ್ 0.13 ಆಗುತ್ತದೆ. ಋಣ ಸಾರಜನಕ ಎಂಬುದು ಪ್ರಕೃತಿಯಲ್ಲಿ ಇಲ್ಲ. ಒಂದು ಗಂಟೆಯ ಹೆಜ್ಜೆ ಇಟ್ಟರೆ ಕಳೆಯುವುದು 0.008ಕ್ಕಿಂತ ಕಡಿಮೆ, ಮುಂದಿನ ಗಂಟೆಗೆ ವೇಗ ತಾನಾಗಿ ತಗ್ಗಿರುತ್ತದೆ. ಮೈನಸ್ ಬಂದಾಗಲೆಲ್ಲ ಅದನ್ನು ಸೊನ್ನೆ ಮಾಡಿಬಿಡುವ ಅಡ್ಡದಾರಿ ಹಿಡಿದರೆ, ಹಾಗೆ ಮಾಡಿದಷ್ಟು ಸಲ ಶೂನ್ಯದಿಂದ ಸಾರಜನಕ ಹುಟ್ಟಿಸಿದಂತೆ.

ಈ ಬಗೆಯ ಲೆಕ್ಕಕ್ಕೆ ಗಾರ್ಡನ್ ರೈಲಿ 1946ರಲ್ಲೇ ಕೈಹಾಕಿದ್ದರು, ಉತ್ತರ ಅಟ್ಲಾಂಟಿಕ್‌ನ ಜಾರ್ಜಸ್ ಬ್ಯಾಂಕ್ ಎಂಬ ಕಡೆಯ ಪ್ಲವಕಗಳಿಗಾಗಿ. 1990ರಲ್ಲಿ ಫ್ಯಾಷಮ್ ಮತ್ತು ಸಂಗಡಿಗರು ಖಾತೆಗಳನ್ನು ಏಳಕ್ಕೆ ಏರಿಸಿದರು. ಬ್ಯಾಕ್ಟೀರಿಯಾಕ್ಕೂ ಕರಗಿದ ಸಾವಯವ ಸಾರಜನಕಕ್ಕೂ ಅಲ್ಲಿ ಬೇರೆ ಖಾತೆ ಸಿಕ್ಕಿತು.

## ಸಣ್ಣ ಮೈ, ದೊಡ್ಡ ಮೈ

ಸಾವಿರಾರು ಬಗೆಯ ಸಸ್ಯಪ್ಲವಕಗಳಿಗೆ ಒಂದೇ ಖಾತೆ ಸಾಕೇ? ಸಾಲದು. ಕಾರಣ ಅವುಗಳ ಗಾತ್ರದಲ್ಲಿದೆ.

ಅಗಲ ನೂರು ಪಟ್ಟು ಹೆಚ್ಚಿದರೆ ಕೋಶದ ಗಾತ್ರ ಹತ್ತು ಲಕ್ಷ ಪಟ್ಟು, ಹೊರಮೈ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಪೋಷಕಾಂಶ ಒಳಬರುವುದು ಹೊರಮೈಯಿಂದ, ಉಣಿಸಬೇಕಾದದ್ದು ಒಳಗಿನ ಮೈಗೆ. ಹಾಗಾಗಿ ಬಡನೀರಿನಲ್ಲಿ ಸಣ್ಣ ಕೋಶವೇ ಮೇಲು. ದೊಡ್ಡ ಕೋಶಗಳಲ್ಲಿ ಡಯಾಟಮ್‌ಗಳಂಥವು ಗೊಬ್ಬರ ಧಾರಾಳವಾಗಿ ಸಿಕ್ಕರೆ ಬಲು ವೇಗವಾಗಿ ಬೆಳೆಯುತ್ತವೆ.

ಸಣ್ಣದಕ್ಕೆ ಗರಿಷ್ಠ ವೇಗ 0.6, ಅರ್ಧಮಟ್ಟ 0.05 ಎಂದೂ, ದೊಡ್ಡದಕ್ಕೆ 1.5 ಮತ್ತು 1 ಎಂದೂ ಇಟ್ಟುಕೊಳ್ಳಿ. ಪೋಷಕಾಂಶ 5 ಇರುವ ನೀರಿನಲ್ಲಿ ಸಣ್ಣದರ ವೇಗ 0.59, ದೊಡ್ಡದರದು 1.25. ಅದೇ 0.02 ಇರುವ ನೀರಿನಲ್ಲಿ ಸಣ್ಣದು 0.17, ದೊಡ್ಡದು 0.03. ಇಬ್ಬರಿಗೂ ಸಾವಿನ ವೇಗ ದಿನಕ್ಕೆ 0.1 ಆದರೆ, ಸಣ್ಣದು ಬದುಕಲು 0.01 ಪೋಷಕಾಂಶ ಇದ್ದರೆ ಸಾಕು, ದೊಡ್ಡದಕ್ಕೆ 0.07 ಬೇಕು. ನೀರು ಕದಡದೆ ಬಹುಕಾಲ ನಿಂತರೆ ಸಣ್ಣದು ಪೋಷಕಾಂಶವನ್ನು 0.01ಕ್ಕೆ ಇಳಿಸಿಬಿಡುತ್ತದೆ, ಅಲ್ಲಿ ದೊಡ್ಡದು ಉಳಿಯುವುದಿಲ್ಲ. ಚಳಿಗಾಲದ ಗಾಳಿ ಆಳದ ನೀರನ್ನು ಮೇಲೆಬ್ಬಿಸಿದಾಗ ಆಟ ತಿರುಗುತ್ತದೆ. ಉಷ್ಣವಲಯದ ನೀಲಿ ಕಡಲಿನಲ್ಲಿ ಪ್ರೊಕ್ಲೊರೊಕಾಕಸ್, ತಂಪು ಕಡಲಿನ ವಸಂತದಲ್ಲಿ ಡಯಾಟಮ್ ಮೇಲುಗೈ ಪಡೆಯುವುದರ ಹಿಂದೆ ಇರುವ ಲೆಕ್ಕ ಬಹುಪಾಲು ಇಷ್ಟೇ.

2007ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಮಿಕ್ ಫಾಲೋಸ್, ಸ್ಟೆಫನಿ ಡಟ್ಕೀವಿಚ್, ಚಿಸ್ಹೋಮ್ ಮತ್ತು ಸಂಗಡಿಗರು ಇದನ್ನು ಬೇರೆ ರೀತಿಯಲ್ಲಿ ಹಿಡಿದರು. ಯಾವ ಜೀವಿ ಎಲ್ಲಿರಬೇಕು ಎಂದು ಹೇಳದೆ, 78 ಬಗೆಯ ಸಸ್ಯಪ್ಲವಕಗಳಿಗೆ ಗುಣಗಳನ್ನು ಒಂದು ಮಿತಿಯೊಳಗೆ ಮನಬಂದಂತೆ ಹಂಚಿ ಕಂಪ್ಯೂಟರಿನ ಸಾಗರಕ್ಕೆ ಬಿಟ್ಟರು. ಬಹುಪಾಲು ಬಗೆಗಳು ಸ್ಪರ್ಧೆಯಲ್ಲಿ ಹಿಂದೆ ಬಿದ್ದವು. ಉಳಿದು ಗೆದ್ದವುಗಳಲ್ಲಿ ಪ್ರೊಕ್ಲೊರೊಕಾಕಸ್‌ನಂಥ ಗುಣವುಳ್ಳವು ನಿಜವಾದ ಪ್ರೊಕ್ಲೊರೊಕಾಕಸ್ ಇರುವ ಜಾಗಗಳಲ್ಲೇ ನೆಲೆಯಾದವು. ಡಾರ್ವಿನ್ ಮಾಡೆಲ್ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ.

## ಒಂದು ಪೆಟ್ಟಿಗೆಯಿಂದ ಇಡೀ ಸಾಗರಕ್ಕೆ

ಸಾಗರವನ್ನು ಅಕ್ಷಾಂಶ, ರೇಖಾಂಶ ಮತ್ತು ಆಳದ ಪ್ರಕಾರ ಪೆಟ್ಟಿಗೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಪೆಟ್ಟಿಗೆಗೂ ತನ್ನದೇ ಪುಸ್ತಕ. ಪ್ರವಾಹ ಮತ್ತು ಕದಡುವಿಕೆ ನೆರೆಯ ಪೆಟ್ಟಿಗೆಗಳ ನಡುವೆ ಸರಕು ಸಾಗಿಸುತ್ತವೆ. ಒಂದು ಡಿಗ್ರಿಯ ಪೆಟ್ಟಿಗೆ ಸಮಭಾಜಕದ ಬಳಿ ಸುಮಾರು 111 ಕಿಲೋಮೀಟರ್ ಅಗಲ. ಆಳದ ಪೋಷಕಾಂಶವನ್ನು ಮೇಲೆ ತರುವ ಸುಳಿಗಳು ಅನೇಕ ವೇಳೆ ಅದಕ್ಕಿಂತ ಚಿಕ್ಕವು, ಹಾಗಾಗಿ ಅವು ಈ ಬಲೆಯಲ್ಲಿ ಸಿಕ್ಕುವುದೇ ಇಲ್ಲ. ಪೆಟ್ಟಿಗೆಯ ಅಗಲವನ್ನು ಅರ್ಧ ಮಾಡಿದರೆ ಪೆಟ್ಟಿಗೆಗಳು ನಾಲ್ಕು ಪಟ್ಟು, ಕಾಲದ ಹೆಜ್ಜೆಯೂ ಅರ್ಧ, ಲೆಕ್ಕದ ಹೊರೆ ಎಂಟು ಪಟ್ಟು. ಹೊಸದಾಗಿ ಸೇರಿಸುವ ಪ್ರತಿ ಜೀವಿಯ ಖಾತೆಯನ್ನೂ ಎಲ್ಲ ಪೆಟ್ಟಿಗೆಗಳಲ್ಲಿ ಸಾಗಿಸಬೇಕು. ಆಳದ ನೀರು ಒಂದು ಸುತ್ತು ಬರಲು ಸಾವಿರ ವರ್ಷದಷ್ಟು ಬೇಕಾಗುವುದರಿಂದ, ಪ್ರಯೋಗ ಶುರುವಾಗುವ ಮುಂಚೆಯೇ ಮಾಡೆಲ್ ಅನ್ನು ನೂರಾರು, ಸಾವಿರಾರು ವರ್ಷ ಓಡಿಸಿ ನೆಲೆಗೊಳಿಸಬೇಕು. ಚಿಕ್ಕ ಪೆಟ್ಟಿಗೆ, ಹೆಚ್ಚು ಜೀವಿ, ಉದ್ದ ಕಾಲ, ಮೂರೂ ಒಟ್ಟಿಗೆ ಸಿಗುವುದಿಲ್ಲ.

ಮುಳುಗುವಿಕೆಯ ಲೆಕ್ಕವೂ ಇದರಲ್ಲೇ ಬರುತ್ತದೆ. 0.6 ಮೈಕ್ರೊಮೀಟರ್‌ನ ಒಂಟಿ ಕೋಶ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಇಳಿಯಬಲ್ಲದು. ಆ ಲೆಕ್ಕದಲ್ಲಿ 4,000 ಮೀಟರ್ ತಳ ಮುಟ್ಟಲು ಹತ್ತು ಸಾವಿರ ವರ್ಷ ದಾಟುತ್ತದೆ. ಆದರೆ ಮಲ, ಲೋಳೆ, ಸತ್ತ ಕೋಶಗಳು ಅಂಟಿಕೊಂಡು ದಪ್ಪ ಚೂರಾದರೆ ದಿನಕ್ಕೆ 100 ಮೀಟರ್ ಇಳಿಯುವುದೂ ಉಂಟು, ಆಗ 40 ದಿನ ಸಾಕು. ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಲೇ ಇರುತ್ತವೆ. ಜಾನ್ ಮಾರ್ಟಿನ್ ಮತ್ತು ಸಂಗಡಿಗರು 1987ರಲ್ಲಿ ಕೊಟ್ಟ ಸೂತ್ರದ ಪ್ರಕಾರ, 100 ಮೀಟರ್ ಆಳ ದಾಟಿದ್ದರಲ್ಲಿ 1,000 ಮೀಟರ್ ಮುಟ್ಟುವುದು ಶೇ 14, 4,000 ಮೀಟರ್ ಮುಟ್ಟುವುದು ಶೇ 4. ಹೆಚ್ಚು ಆಳಕ್ಕೆ ಹೋದಷ್ಟೂ ಆ ಇಂಗಾಲ ಹೆಚ್ಚು ಕಾಲ ಗಾಳಿಗೆ ಮರಳುವುದಿಲ್ಲ. ಆದ್ದರಿಂದ ಯಾವ ಗಾತ್ರದ ಜೀವಿ ಬೆಳೆಯಿತು ಎಂಬುದು ವಾತಾವರಣದ ಲೆಕ್ಕಕ್ಕೂ ತಟ್ಟುತ್ತದೆ.

## ಸರಿ ಉತ್ತರ, ತಪ್ಪು ಕಾರಣ

ಮಾಡೆಲ್ ಸರಿಯಿದೆಯೇ ಎಂದು ನೋಡಲು ಸಾಮಾನ್ಯವಾಗಿ ಉಪಗ್ರಹ ಕಂಡ ಕ್ಲೋರೊಫಿಲ್ ಜೊತೆ ಹೋಲಿಸುತ್ತಾರೆ. ಇಲ್ಲಿ ಮೂರು ಗುಂಡಿಗಳಿವೆ. ಉಪಗ್ರಹಕ್ಕೆ ಕಾಣುವುದು ಮೇಲಿನ ಕೆಲವು ಹತ್ತು ಮೀಟರ್ ಮಾತ್ರ, ಆದರೆ ತಿಳಿಗಡಲಿನಲ್ಲಿ ಕ್ಲೋರೊಫಿಲ್ ದಟ್ಟವಾಗಿರುವುದು ಅನೇಕ ವೇಳೆ 100 ಮೀಟರ್ ಆಸುಪಾಸಿನಲ್ಲಿ. ಎರಡನೆಯದಾಗಿ, ಮಂದ ಬೆಳಕಿನ ಕೋಶ ಹೆಚ್ಚು ಕ್ಲೋರೊಫಿಲ್ ತುಂಬಿಕೊಳ್ಳುವುದರಿಂದ ಹಸಿರು ಹೆಚ್ಚಿದ ಮಾತ್ರಕ್ಕೆ ಜೀವರಾಶಿ ಹೆಚ್ಚಿತೆಂದು ಅಲ್ಲ.

ಮೂರನೆಯದು ಎಲ್ಲಕ್ಕಿಂತ ಆಳದ್ದು: ಕ್ಲೋರೊಫಿಲ್ ಒಂದು ದಾಸ್ತಾನು. ಹುಟ್ಟನ್ನೂ ಸಾವನ್ನೂ ಎರಡು ಪಟ್ಟು ತಪ್ಪಾಗಿ ಬರೆದ ಮಾಡೆಲ್ ಕೂಡ ಕ್ಲೋರೊಫಿಲ್ ನಕ್ಷೆಯನ್ನು ಚೆನ್ನಾಗಿಯೇ ಬಿಡಿಸಬಲ್ಲದು. ಇಂದಿನ ಕಡಲಿಗೆ ಅದು ಸರಿ ಕಾಣುತ್ತದೆ. ನಾಳಿನ ಬಿಸಿ ಕಡಲಿನಲ್ಲಿ ಹುಟ್ಟೂ ಸಾವೂ ಬೇರೆಬೇರೆಯಾಗಿ ಬದಲಾದಾಗ ತಪ್ಪು ಹೊರಬೀಳುತ್ತದೆ.

ಸಾವಿನ ಸಾಲು ಹಾಗೆ ನೋಡಿದರೆ ಎಲ್ಲ ಮಾಡೆಲ್‌ಗಳ ದುರ್ಬಲ ಜಾಗ. ಮೇಲಿನ ನಮ್ಮ ಲೆಕ್ಕದಲ್ಲಿ ಪ್ರಾಣಿಪ್ಲವಕ ದಿನಕ್ಕೆ ಶೇ 5 ಸಾಯುತ್ತದೆ ಎಂದೆವು. ಆ ಒಂದು ಅಂಕಿಯೊಳಗೆ ಮೀನು, ರೋಗ, ವೈರಸ್, ವಯಸ್ಸು ಎಲ್ಲವೂ ಅಡಗಿವೆ. ಸಾವು ಸಂಖ್ಯೆಗೆ ತಕ್ಕಂತೆ ಏರುತ್ತದೆಯೋ ಸಂಖ್ಯೆಯ ವರ್ಗಕ್ಕೆ ತಕ್ಕಂತೆಯೋ ಎಂಬ ಆಯ್ಕೆಯೇ ಇಡೀ ವ್ಯವಸ್ಥೆ ನೆಲೆ ನಿಲ್ಲುತ್ತದೆಯೋ ಓಲಾಡುತ್ತದೆಯೋ ಎಂಬುದನ್ನು ನಿರ್ಧರಿಸಬಲ್ಲದು. ವೈರಸ್‌ಗಳಿಗೆ ಜಾಗತಿಕ ಮಾಡೆಲ್‌ಗಳಲ್ಲಿ ಇವತ್ತಿಗೂ ಸಾಮಾನ್ಯವಾಗಿ ಪ್ರತ್ಯೇಕ ಖಾತೆ ಇಲ್ಲ.

ಇದರ ಫಲ ಅಂಕಿಯಲ್ಲೇ ಕಾಣುತ್ತದೆ. ಇತ್ತೀಚಿನ ಪೀಳಿಗೆಯ ಹವಾಮಾನ ಮಾಡೆಲ್‌ಗಳು, ಹೊರಸೂಸುವಿಕೆ ಅತಿ ಹೆಚ್ಚಿರುವ ಸನ್ನಿವೇಶದಲ್ಲಿ, ಶತಮಾನದ ಕೊನೆಗೆ ಸಮುದ್ರದ ಉತ್ಪಾದನೆ ಸರಾಸರಿ ಶೇ 3ರಷ್ಟು ಇಳಿಯುತ್ತದೆ ಎನ್ನುತ್ತವೆ. ಆದರೆ ಮಾಡೆಲ್‌ನಿಂದ ಮಾಡೆಲ್‌ಗೆ ಹರಡಿಕೆ ಆಚೀಚೆ ಶೇ 9ರಷ್ಟು. ಏರುತ್ತದೋ ಇಳಿಯುತ್ತದೋ ಎಂಬುದರಲ್ಲೇ ಒಮ್ಮತವಿಲ್ಲ ಎಂದು ಇದನ್ನು ಓದಬೇಕು.

## ಆ ಎರಡು ಉತ್ತರಗಳು

2013ರ ಅಧ್ಯಯನ 35,000ಕ್ಕೂ ಹೆಚ್ಚು ಎಣಿಕೆಗಳನ್ನು ಕಲೆಹಾಕಿತ್ತು. ಇಷ್ಟು ತಾಪಮಾನ, ಇಷ್ಟು ಬೆಳಕು ಇರುವಲ್ಲಿ ಇಷ್ಟು ಕೋಶಗಳು ಎಂಬ ಸಂಬಂಧವನ್ನು ಕಂಡುಕೊಂಡು, ಅದಕ್ಕೆ ಭವಿಷ್ಯದ ತಾಪಮಾನವನ್ನು ಕೊಟ್ಟಿತು. ಇಂದಿನ ಕಡಲಿನಲ್ಲಿ ಬೆಚ್ಚನೆಯ ನೀರು ಇದ್ದಲ್ಲಿ ಪ್ರೊಕ್ಲೊರೊಕಾಕಸ್ ಹೆಚ್ಚು, ಆದ್ದರಿಂದ ಬೆಚ್ಚನೆಯ ನಾಳೆಗೂ ಹೆಚ್ಚು. ಎಣಿಕೆಯ ಲೆಕ್ಕವಾಗಿ ಅದರಲ್ಲಿ ತಪ್ಪಿಲ್ಲ.

2025ರ ಅಧ್ಯಯನ ಸೀಫ್ಲೋ ಬಳಸಿ, ಬಹುಪಾಲು ಪೆಸಿಫಿಕ್‌ನಲ್ಲಿ, ಕೋಶಗಳು ಒಡೆಯುವ ವೇಗವನ್ನೇ ಹಿಡಿಯಿತು. ನೀರು ಬೆಚ್ಚಗಾದಂತೆ ವೇಗ ಏರುತ್ತಾ ಹೋಯಿತು, 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತುದಿ ಮುಟ್ಟಿತು, ಆಮೇಲೆ ಥಟ್ಟನೆ ಇಳಿಯಿತು. ಆ ಬಾಗಿದ ಗೆರೆಯನ್ನು ಜಾಗತಿಕ ಮಾಡೆಲ್‌ಗೆ ಕೊಟ್ಟಾಗ ಉಷ್ಣವಲಯದಲ್ಲಿ ಕುಸಿತ ಬಂತು, ಧ್ರುವಗಳ ಕಡೆಗೆ ಅದರ ಗಡಿ ವಿಸ್ತರಿಸಿತು. ಎಣಿಕೆಯಲ್ಲಿ ಈ ತಿರುವು ಯಾಕೆ ಕಾಣಲಿಲ್ಲ? ಒಡೆಯುವುದು ನಿಧಾನವಾದ ಕಡೆ ಬೇಟೆಯೂ ನಿಧಾನವಾಗಿದ್ದರೆ ಸಂಖ್ಯೆ ಹಾಗೇ ಉಳಿಯಬಲ್ಲದು. ಮೇಲೆ ಕಂಡ 1 ಲಕ್ಷದ ಲೆಕ್ಕವೇ ಇದು.

ಹೆಚ್ಚಿನ ಮಾಡೆಲ್‌ಗಳಲ್ಲಿ ತಾಪಮಾನದ ಸಾಲಿಗೆ 1972ರಲ್ಲಿ ರಿಚರ್ಡ್ ಎಪ್ಲಿ ಕೊಟ್ಟ ಸಂಬಂಧವೇ ಆಧಾರ: 10 ಡಿಗ್ರಿಗೆ ವೇಗ ಸುಮಾರು 1.88 ಪಟ್ಟು, ಏರುತ್ತಲೇ ಹೋಗುವ ಗೆರೆ. ಅದು ನೂರಾರು ಅಳತೆಗಳ ಮೇಲಂಚನ್ನು ಮುಟ್ಟಿಕೊಂಡು ಎಳೆದ ಗೆರೆ. ಒಂದು ಜೀವಿ ಸೋತಾಗ ಹೆಚ್ಚು ಬಿಸಿ ತಾಳುವ ಇನ್ನೊಂದು ಅದರ ಜಾಗಕ್ಕೆ ಬರುವುದಾದರೆ ಇಡೀ ಸಮುದಾಯಕ್ಕೆ ಆ ಗೆರೆ ಒಪ್ಪುತ್ತದೆ. ಒಂದೇ ಕುಲಕ್ಕೆ ಒಪ್ಪುವುದಿಲ್ಲ.

ಪ್ರೊಕ್ಲೊರೊಕಾಕಸ್‌ನ ಜಾಗಕ್ಕೆ ಬರಬಲ್ಲ ಮೊದಲ ಅಭ್ಯರ್ಥಿ ಸಿನೆಕೊಕಾಕಸ್. ಬಡನೀರಿನಲ್ಲಿ ಬದುಕಲು ಪ್ರೊಕ್ಲೊರೊಕಾಕಸ್ ತನ್ನ ಜೀನ್‌ಗಳನ್ನು ಎರಡು ಸಾವಿರದ ಆಸುಪಾಸಿಗೆ ಇಳಿಸಿಕೊಂಡಿದೆ, ಹಾಗೆ ಕಳೆದುಕೊಂಡವುಗಳಲ್ಲಿ ಬಿಸಿಯನ್ನು ತಾಳಲು ನೆರವಾಗುವವೂ ಸೇರಿವೆ. ಸಿನೆಕೊಕಾಕಸ್ ಬಳಿ ಅವು ಉಳಿದಿವೆ. ಆದರೆ ಅದರ ಮೈ ದೊಡ್ಡದು, ಬೇಕಾಗುವ ಪೋಷಕಾಂಶ ಹೆಚ್ಚು. ಬಿಸಿಯಾದ ಕಡಲಿನಲ್ಲಿ ಮೇಲ್ಪದರ ಹಗುರಾಗಿ ಆಳದ ಪೋಷಕಾಂಶ ಮೇಲೆ ಬರುವುದೇ ಕಷ್ಟವಾಗುತ್ತದೆ. ಹಾಗಾಗಿ ಈಗ ಅಳೆಯಬೇಕಾಗಿರುವುದು, 28 ಡಿಗ್ರಿ ದಾಟಿದ ಬಡನೀರಿನಲ್ಲಿ ಸಿನೆಕೊಕಾಕಸ್ ದಿನಕ್ಕೆ ಎಷ್ಟು ಸಲ ಒಡೆಯುತ್ತದೆ, ಅದನ್ನು ದಿನಕ್ಕೆ ಎಷ್ಟು ತಿನ್ನಲಾಗುತ್ತದೆ ಎಂಬ ಎರಡು ವೇಗಗಳನ್ನು.